ನೀರು ತಾಗದ ಪುಸ್ತಕ

ಹೈದರಾಬಾದ್, 1938

ಮಣ್ಣೂರಿನ ಅಕ್ಕನಿಗೆ ಶರಣು. ಮಾವ ಓದಿ ಹೇಳಲಿ.

ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿದೆ. ಕೇಳಿದವರಿಗೆ ಕಪಾಟಿನಿಂದ ಪುಸ್ತಕ ತೆಗೆದುಕೊಡಬೇಕು. ನಿನ್ನೆ ನನ್ನ ಜಾತಿ ತಿಳಿದ ಪಂಡಿತರೊಬ್ಬರು, ನಾನು ಕೊಟ್ಟ ಪುಸ್ತಕಕ್ಕೆ ಚಿಮುಕಿಸಲು ತಂಬಿಗೆಯಲ್ಲಿ ನೀರು ತಂದರು. ಗ್ರಂಥಾಲಯದ ಮುಖ್ಯಸ್ಥರು ನಮ್ಮ ಜೇವರ್ಗಿಯ ಜಯತೀರ್ಥರಾಯರು. ಓಡಿ ಬಂದು ಅಡ್ಡ ನಿಂತರು. “ಪುಸ್ತಕಕ್ಕ ಹನಿ ನೀರು ಬೀಳಂಗಿಲ್ರಿ. ನಿಮ್ಮ ಕೈಗೆ ಮೂಗಿಗೇರಿಸೋ ತಪಕೀರ ಪುಡಿ ಹತ್ತೇದ, ಮೊದಲ ಅದನ್ನ ತೊಳಕೊಂಡು ಬರ್ರಿ” ಎಂದರು. ಪಂಡಿತರು ಕೈ ತೊಳೆದು ಬಂದು ಅದೇ ಪುಸ್ತಕ ಓದಿದರು. ನಾನು ಮುಟ್ಟಿದ್ದನ್ನು ಅಂಥವರೊಬ್ಬರು ನೀರು ಚಿಮುಕಿಸದೆ ಮುಟ್ಟುವುದನ್ನು ಮೊದಲ ಸಲ ನೋಡಿದೆ, ಅಕ್ಕಾ.

ಆರಾಮಿದ್ದೇನೆ. ಧೂಳಿಗೆ ಕೆಮ್ಮು ಮಾತ್ರ ಬಿಟ್ಟಿಲ್ಲ. ಹೆಚ್ಚಾದಾಗ ಬೊಗಸೆಯೊಡ್ಡಿ ನಿಲ್ಲುತ್ತೇನೆ. ಇಲ್ಲಿಯ ಕೊಡವನ್ನು ನಾನು ಮುಟ್ಟುವಂತಿಲ್ಲ. ರಾಯರೇ ಮೇಲಿನಿಂದ ನೀರು ಹೊಯ್ಯುತ್ತಾರೆ.

ನಿನ್ನ ತಮ್ಮ,
ಮಲ್ಕಪ್ಪ