ಚೌಕಟ್ಟಿಗೆ ಇಟ್ಟ ಗಂಧ

ರಾಣಾಘಾಟ್
ಕಾರ್ತಿಕ ಶುದ್ಧ ಪಾಡ್ಯ

ಪ್ರೀತಿಯ ತಮ್ಮ ಮಾಖನನಿಗೆ ನಿಭಾ ದಿದಿಯ ಆಶೀರ್ವಾದ.

ಹೇಗಿದ್ದೀಯ ಅಂತ ಮೊದಲು ಕೇಳಬೇಕಲ್ಲ, ಕೇಳಿದ್ದೇನೆ. ಲಕ್ವ ಹೊಡೆದ ಕೈ ಎತ್ತೋಕಾಗುತ್ತಾ, ಗಂಜಿ ಗಂಟಲಲ್ಲಿ ಇಳಿಯುತ್ತಾ, ಅದನ್ನೂ ಕೇಳಿದ್ದೇನೆ. ನನ್ನ ಮೊಣಕಾಲು ಮಳೆ ಬರೋ ಮುಂಚೆ ರೇಡಿಯೋ ಹಾಗೆ ಸುದ್ದಿ ಹೇಳುತ್ತೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಮೂರು ದಿನ ಉಪ್ಪು ಬಿಟ್ಟಿದ್ದೆ. ಕೊನೆಗೂ ಮುದುಕಿ ಡಾಕ್ಟರ ಮಾತು ಕೇಳಿದಳು ಅಂತ ಸೊಸೆ ಶರ್ಮಿಷ್ಠಾ ಬೀದಿಗೆಲ್ಲ ಹೇಳಿಕೊಂಡು ಬಂದಳು. ಹೇಳಿಕೊಳ್ಳಲಿ.

ಇಲ್ಲಿಯವರು ಅಣ್ಣತಮ್ಮಂದಿರ ಆಯುಸ್ಸು ಬೆಳೆಯಲಿ ಅಂತ ಹಣೆಗೆ ಗಂಧ ಇಡೋದು ಬಿದಿಗೆಯ ದಿನ. ನಮ್ಮ ಬರಿಶಾಲದ್ದು ಪಾಡ್ಯ. ಮದುವೆಯಾಗಿ ಗಡಿಯ ಈಚೆಗೆ ಬಂದ ಮೇಲೂ ನಾನು ಪಾಡ್ಯವನ್ನೂ ಬಿಟ್ಟಿಲ್ಲ, ನಮ್ಮೂರ ಮಾತನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಹುಲ್ಲಿನ ಮೇಲಿನ ಇಬ್ಬನಿಯನ್ನ ಬಟ್ಟಲಿಗೆ ಹಿಂಡಿಕೊಂಡು ಗಂಧ ತೇಯ್ದೆ. ಎಡಗೈ ಕಿರುಬೆರಳಲ್ಲಿ ಮೂಡಣ ಬಾಗಿಲ ಚೌಕಟ್ಟಿಗೆ ಇಟ್ಟೆ. ಎದುರಿಗಿಲ್ಲದ ತಮ್ಮನಿಗೆ ಅದೇ ಹಣೆ ತಾನೆ. ಯಮನ ಬಾಗಿಲಿಗೆ ಮುಳ್ಳು ಬೀಳಲಿ ಅಂತ ಹೇಳೋದನ್ನೂ ನಮ್ಮ ಮಾತಿನಲ್ಲೇ ಹೇಳಿದೆ. ಮೊಮ್ಮಗಳು ಪೌಲಮಿ ಹಿಂದೆ ನಿಂತು ಕಿಸಕ್ಕನೆ ನಕ್ಕಳು: 'ಅಜ್ಜಿ, ಯಮನಿಗೆ ಈ ಮಾತು ಅರ್ಥ ಆಗುತ್ತಾ?' 'ಆಗದೆ ಏನೇ, ನಮ್ಮೂರಿಂದ ಅವನು ಕಮ್ಮಿ ಜನರನ್ನ ಕರಕೊಂಡು ಹೋಗಿದ್ದಾನಾ?' ಅಂದೆ.

ಅವಳನ್ನ ನೋಡೋಕೆ ಕೋಲ್ಕತ್ತಾದಿಂದ ಗಂಡಿನ ಕಡೆಯವರು ಬಂದಿದ್ದರು. ಶರ್ಮಿಷ್ಠಾ ಮುಂಚೆಯೇ ಕಿವಿಯಲ್ಲಿ ಊದಿದಳು: 'ಅಮ್ಮಾ, ಅವರ ಮುಂದೆ ಸ್ವಲ್ಪ ಚೆನ್ನಾಗಿ ಮಾತಾಡಿ.' ಚೆನ್ನಾಗಿ ಅಂದರೆ ಪುಸ್ತಕದ ಹಾಗೆ. ಎರಡನೇ ಕ್ಲಾಸಿಗೆ ಸ್ಲೇಟು ಒಡೆದುಕೊಂಡು ಬಂದವಳು ಪುಸ್ತಕ ಎಲ್ಲಿಂದ ತರಲಿ? ಬಂದವರದೆಲ್ಲ ಇಸ್ತ್ರಿ ಮಾಡಿದ ಬಂಗಾಳಿ, ಒಂದು ಸುಕ್ಕಿಲ್ಲ. ನಾನು ಬಾಯಿ ಹೊಲಿದುಕೊಂಡು ಕೂತೆ. ಹೊರಡುವಾಗ ಗಂಡಿನ ತಾಯಿ 'ಅಜ್ಜಿ ಎಷ್ಟು ಸಾಧು!' ಅಂದಳಂತೆ. ಕೇಳಿದ್ದರೆ ನೀನು ಕೆಮ್ಮು ಹತ್ತೋವರೆಗೆ ನಗುತ್ತಿದ್ದೆ.

ನನ್ನ ನಾಲಿಗೆ ಬಿಚ್ಚಿಕೊಳ್ಳುತ್ತಿದ್ದದ್ದು ಭಾನುವಾರದ ಫೋನಿಗೆ ಮಾತ್ರ. 'ದಿದಿ, ಹೊಳೆ ದಾಟಿದರೂ ನಿನ್ನ ಬಾಯಿಗೆ ತುಕ್ಕು ಹಿಡೀಲಿಲ್ಲ' ಅನ್ನುತ್ತಿದ್ದೆ. ಮಾತು ಬಿದ್ದುಹೋದ ಮೇಲೂ ನಿನ್ನ ಮಗ ಪರಿತೋಷ ಫೋನನ್ನ ನಿನ್ನ ಕಿವಿಗೆ ಹಿಡಿಯುತ್ತಿದ್ದ. ನಾನು 'ಮನು' ಅಂತ ಕರೆದರೆ ನೀನು 'ಹ್ಞೂಂ' ಅನ್ನುತ್ತಿದ್ದೆ. ಹಲ್ಲು ಬಿದ್ದವನನ್ನೂ ಮನು, ಅಂದರೆ ಮಗು, ಅಂತ ಕರೆಯೋ ಊರು ನಮ್ಮದು. ಅಮ್ಮ ಕೊಳದ ಮೆಟ್ಟಿಲ ಮೇಲೆ ನಿಂತು ಬೈಯುತ್ತಿದ್ದ ಬೈಗುಳ ಒಂದೊಂದಾಗಿ ಹೇಳಿದರೆ ನೀನು ಗೊರಗೊರ ನಗುತ್ತಿದ್ದೆ. ಆ ಬೈಗುಳ ತಿಂದವರು ನಾವಿಬ್ಬರೇ ಉಳಿದಿದ್ದು. ಈಗ ಎರಡು ಭಾನುವಾರದಿಂದ 'ಅಪ್ಪ ನಿದ್ದೆಯಲ್ಲಿದ್ದಾರೆ, ಅತ್ತೆ' ಅನ್ನುತ್ತಾನೆ ಪರಿತೋಷ. ಹುಟ್ಟಿದ್ದು ಬರಿಶಾಲ, ಢಾಕಾದ ಕಾಲೇಜಿಗೆ ಹೋಗಿ ನಾಲಿಗೆ ತೊಳೆದುಕೊಂಡು ಬಂದ ಮಹಾರಾಯ. ಇಲ್ಲಿ ನನ್ನ ಮಗ ಬಿಮಲ 'ಮಾವ ಮಲಗಲಿ ಬಿಡಮ್ಮ' ಅಂತ ಫೋನು ಕಿತ್ತುಕೊಳ್ಳುತ್ತಾನೆ.

ಮಲಗು ತಮ್ಮಾ. ಮನೆಯಲ್ಲಿ ಚಿಕ್ಕವರಿಗೆಲ್ಲ ನನ್ನ ಆಶೀರ್ವಾದ. ನಿನ್ನ ನೆತ್ತಿಯ ಮೇಲೆ ಕೈ ಇಟ್ಟಿದ್ದೇನೆ ಅಂದುಕೋ.

ನಿನ್ನ ದಿದಿ,
ನಿಭಾನನಿ

ಮತ್ತೆ: ಇದಿಷ್ಟು ಪರಿತೋಷನಿಗೆ. ಮಗನೇ, ಹೋದ ಭಾನುವಾರ ವಿಡಿಯೋದಲ್ಲಿ ಮುಖ ತೋರಿಸುವಾಗ ನಿನ್ನ ಶಾಲು ಜಾರಿತ್ತು. ಕೊರಳಲ್ಲಿ ಕಬ್ಬಿಣದ ಬೀಗದ ಕೈ ಕಂಡಿತು. ತಂದೆ ಹೋದ ಮಗ ಸೂತಕದಲ್ಲಿ ಅದನ್ನ ಕಟ್ಟಿಕೊಳ್ಳುತ್ತಾನೆ ಅಂತ ನನಗೆ ಯಾರು ಹೇಳಿಕೊಡಬೇಕು? ಉಪ್ಪು ಬಿಟ್ಟದ್ದು ಡಾಕ್ಟರಿಗಲ್ಲ, ಮದುವೆಯಾಗಿ ಹೋದ ಅಕ್ಕನ ಪಾಲಿನ ಮೂರು ದಿನದ ಸೂತಕಕ್ಕೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ ಇವತ್ತು ಗಂಧವನ್ನೂ ಇಟ್ಟೆ. ಕೈ ಕೇಳಲಿಲ್ಲ. ಬಿಮಲನಿಗೆ ಹೇಳಬೇಡ. ಅಮ್ಮನ ಎದೆ ಒಡೆಯದಂತೆ ಕಾಪಾಡಿದ್ದೇವೆ ಅಂದುಕೊಂಡಿದ್ದಾರೆ, ಪಾಪ, ಅಂದುಕೊಂಡಿರಲಿ. ಆದರೆ ಭಾನುವಾರ ಫೋನು ತಪ್ಪಿಸಬೇಡ. ನಾನು 'ಮನು' ಅಂತ ಕರೀತೀನಿ. ನೀನು ನಿನ್ನ ಢಾಕಾ ಮಾತು ಆಡಬೇಡ. ಹ್ಞೂಂ ಅನ್ನು, ಸಾಕು.