ತುಳಸಮ್ಮನವರ ಅಡುಗೆಕಟ್ಟೆ

ಶಿರಾ ಗೇಟ್, ತುಮಕೂರು
ಭಾನುವಾರ

ದೊಡ್ಡಮ್ಮನಿಗೆ ಮಂಗಳಗೌರಿಯ ನಮಸ್ಕಾರ.

ಫೋನಲ್ಲಿ ನಿಂಗೆ ಸರಿಯಾಗಿ ಕೇಳಿಸಲ್ಲ, ಅದಕ್ಕೇ ಈ ಕಾರ್ಡು. ಈ ಊರಿಗೆ ಬಂದ ಮೇಲೆ ನನ್ನ ಮೊದಲನೇ ಇಂಟೀರಿಯರ್ ಕೆಲಸ ಮುಗೀತು. ಉಪ್ಪಾರಹಳ್ಳಿಯಲ್ಲಿ ವಾದಿರಾಜ ಅನ್ನೋರ ಮನೆ. ಅವರ ತಾಯಿ ತುಳಸಮ್ಮ ಗಾಲಿಕುರ್ಚಿಯಲ್ಲೇ ಓಡಾಡೋದು. "ನನ್ನ ಕಾಫಿ ನಾನೇ ಕಾಯಿಸ್ಕೊಳ್ಳೋ ಹಂಗಾದ್ರೆ ಸಾಕು ಕಣಮ್ಮ" ಅಂದಿದ್ರು. ಕೂತಲ್ಲಿಂದ ಅವರ ಕೈ ಎಲ್ಲಿವರೆಗೂ ಎಟುಕುತ್ತೆ ಅಂತ ಅಳತೆ ತಗೊಂಡು, ಅಡುಗೆಕಟ್ಟೆ ತಗ್ಗಿಸಿ ಡ್ರಾಯಿಂಗ್ ಮಾಡಿಕೊಟ್ಟಿದ್ದೆ.

ನಿನ್ನೆ ಗೃಹಪ್ರವೇಶ. ಹೋಗಿ ನೋಡಿದ್ರೆ ಕಟ್ಟೆ ನನ್ನ ಸೊಂಟಕ್ಕೆ ಬರ್ತಿದೆ! ನಾನು ಜ್ವರದಲ್ಲಿ ಮಲಗಿದ್ದ ವಾರ ವಾದಿರಾಜ ಮೇಸ್ತ್ರಿಗೆ ಹೇಳಿ ಎತ್ತರ ಮಾಡಿಸಿಬಿಟ್ಟಿದ್ದಾರೆ. ಕೇಳಿದ್ದಕ್ಕೆ, "ತಗ್ಗಿದ್ರೆ ಶೋ ಇರಲ್ಲ ಮೇಡಂ. ಅಮ್ಮಂಗೆ ಅಡುಗೆಯವಳನ್ನ ಇಟ್ಟಿದೀವಲ್ಲ" ಅಂದ್ರು.

ತುಳಸಮ್ಮ ನನ್ನ ಕೈ ಹಿಡ್ಕೊಂಡು, "ಮೇಡಮ್ಮೇ ಹಿಂಗ್ ಮಾಡಿಸಿದ್ದು ಅಂತಾನೆ ಮಗ. ಅಷ್ಟು ಹೇಳಿದ್ನಲ್ಲಮ್ಮ, ಮರೆತೇಬಿಟ್ಯಾ?" ಅಂದ್ರು. ಸುತ್ತ ನೆಂಟರಿದ್ರು. ವಾದಿರಾಜ ನನ್ನನ್ನೇ ನೋಡ್ತಾ ನಿಂತಿದ್ರು. ಹೊಸ ಊರಲ್ಲಿ ಮೊದಲ ಗಿರಾಕಿಯನ್ನ ಸುಳ್ಳ ಅಂದ್ರೆ ಎರಡನೆಯವರು ಯಾರು ಬರ್ತಾರೆ, ಹೇಳು. "ತಪ್ಪಾಯ್ತಮ್ಮ" ಅಂದೆ. ಊಟಕ್ಕೆ ಕೂರೋ ಮನಸ್ಸಾಗಲಿಲ್ಲ.

ಜ್ವರ ಬಿಟ್ಟಿದೆ, ಕೆಮ್ಮು ಸ್ವಲ್ಪ ಇದೆ. ಸದ್ಯಕ್ಕೆ ಚೇಳೂರಿಗೆ ಬರೋಕಾಗಲ್ಲ. ಅವರ ನೆಂಟರಲ್ಲಿ ಇಬ್ಬರು ನನ್ನ ನಂಬರ್ ತಗೊಂಡಿದಾರೆ, ಅವರಿಗೂ ಅಂಥದೇ ಅಡುಗೆಮನೆ ಬೇಕಂತೆ. ಅಷ್ಟೇ ಎತ್ತರದ್ದು. ನಾಳೆ ಬೆಳಿಗ್ಗೆ ಅಳತೆಗೆ ಹೋಗ್ತಿದೀನಿ.

ನಿನ್ನ ಗೌರಿ