ಥಾಮಸಿನ್ ಹೇಳಿದ ಹೆಸರು

ಮಾರ್ಚ್ ೯, ೧೬೩೧

ಇದನ್ನು ಮೊದಲು ಹೇಳಿದವಳು ಸೂಲಗಿತ್ತಿ ವಿನಿಫ್ರೆಡ್. ನಿನ್ನೆ ಸಂಜೆ, ನಾವು ಮೂವರು ಹೆಂಗಸರು ಬಟ್ಟೆ ಹಿಂಡುತ್ತಿದ್ದಾಗ. ಇನ್ನೂ ತಲೆಯಿಂದ ಹೋಗುತ್ತಿಲ್ಲ.

ನೆರೆಮನೆಯ ಉರ್ಸುಲಾಳ ಮನೆಗೆಲಸದ ಹುಡುಗಿ ಥಾಮಸಿನ್‌ಗೆ ಹೆರಿಗೆ ನೋವು ಬಂದಿತ್ತಂತೆ. ಮದುವೆಯಾದವಳಲ್ಲ. ಅಂಥವಳು ಮಗುವಿನ ತಂದೆಯ ಹೆಸರು ಹೇಳುವವರೆಗೆ ಸೂಲಗಿತ್ತಿ ಕೈ ಹಾಕುವಂತಿಲ್ಲ. ಹಾಗೆಂದು ವಿನಿಫ್ರೆಡ್ ಚರ್ಚಿನಲ್ಲಿ ಆಣೆಯಿಟ್ಟು ಬಂದಿದ್ದಾಳೆ. ಹುಡುಗಿಯನ್ನು ಹಿಂದಿನಿಂದ ತಬ್ಬಿ ಹಿಡಿದಿದ್ದವಳು ಉರ್ಸುಲಾಳೇ.

"ಬೇಗ ಹೇಳೇ ತಾಯಿ, ನನಗೂ ಮನೆ ಮಠ ಇದೆ," ಅಂದಳಂತೆ ವಿನಿಫ್ರೆಡ್.

"ಗಿಲ್ಬರ್ಟ್ ಯಜಮಾನ್ರು!" ಎಂದು ಹುಡುಗಿ ಚೀರಿದಳಂತೆ.

ಉರ್ಸುಲಾಳ ಗಂಡ.

ಉರ್ಸುಲಾ ಹಿಡಿದ ಕೈ ಸಡಿಲಿಸಲಿಲ್ಲವಂತೆ. "ಕೇಳಿಸ್ತಲ್ಲ? ಇನ್ನು ನಿನ್ನ ಕೆಲಸ ನೋಡು," ಅಂದಳಂತೆ. ಹೆಣ್ಣು ಮಗು.

ಇಂಥ ಹುಡುಗಿಯರನ್ನು ನಮ್ಮೂರಲ್ಲಿ ಬೀದಿಗೆ ತಳ್ಳುತ್ತಾರೆ. ಅದಕ್ಕೇ ಇವತ್ತು ಬೆಳಿಗ್ಗೆ ನಾವು ಮೂವರೂ ಗಂಜಿಯ ಗಡಿಗೆ ಹಿಡಿದು ಅವಳನ್ನು ಕರೆತರಲು ಹೋದೆವು. ಉರ್ಸುಲಾ ಬಾಗಿಲು ತೆರೆದಳು.

"ಅವಳು ಒಳಗೆ ನನ್ನ ಮಂಚದ ಮೇಲಿದಾಳೆ, ಎಲ್ಲಿಗೂ ಹೋಗಲ್ಲ. ಬಂದಿದ್ದೇ ಬಂದ್ರಿ, ಸ್ವಲ್ಪ ಕೈ ಹಾಕ್ರೇ. ಯಜಮಾನ್ರ ಹಾಸಿಗೆ ಕೊಟ್ಟಿಗೆಗೆ ಹೋಗ್ಬೇಕು."

ನಾವು ಗಡಿಗೆಯನ್ನು ಹೊಸ್ತಿಲ ಬಳಿ ಇಟ್ಟೆವು. ಹಾಸಿಗೆ ಹೊತ್ತುಕೊಂಡು ಹೋಗಿ ಹಸುಗಳ ಪಕ್ಕ ಹಾಸಿ ಬಂದೆವು. ಪುಕ್ಕ ತುಂಬಿದ ಹಾಸಿಗೆ ಅಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.